ಸಿಕಂದರ ಬ್ರಿಜ್ ಆಡಿದ ಭಾನುವಾರ

ಹೆಬ್ಬೆರಳನ್ನು ನಾಲಗೆಗೆ ಒರೆಸಿ ಇಸ್ಪೀಟಿನ ಎಲೆ ಎಳೆಯುವವರನ್ನು ಕಂಡರೆ ನನಗೆ ಹೇಸಿಗೆ. ಗೋವಾದ ಸಾಂಕೋಲೆಯ ನಮ್ಮ ಕ್ಲಬ್ಬಿನಲ್ಲಿ ಅಂಥವರೇ ತುಂಬಿದ್ದಾರೆ. ಸುತ್ತಲಿನ ಕಾರ್ಖಾನೆಗಳಲ್ಲಿ ದೊಡ್ಡ ಹುದ್ದೆ ಮಾಡಿ ನಿವೃತ್ತರಾದ ಹದಿನಾರು ಮಂದಿ, ವಾರಕ್ಕೆ ಮೂರು ಸಂಜೆ ಬ್ರಿಜ್ ಆಡುತ್ತೇವೆ. ಆಡುತ್ತೇವೆ ಅನ್ನುವುದಕ್ಕಿಂತ ಬೈದಾಡುತ್ತೇವೆ ಅಂದರೆ ಸರಿ. ಆಟ ಮುಗಿಯುವ ಹೊತ್ತಿಗೆ ಎಲೆಗಳ ಮೇಲೆ ಎಂಜಲು, ಭಾಜಿ-ಪಾವಿನ ಎಣ್ಣೆ, ನಶ್ಯದ ಪುಡಿ. ಆ ಎಲೆಗಳನ್ನು ಸ್ಪಿರಿಟ್‌ನಲ್ಲಿ ಹತ್ತಿ ಅದ್ದಿ ಒಂದೊಂದಾಗಿ ಒರೆಸಿಡುತ್ತಿದ್ದವನು ಕಾರ್ಡ್‌ರೂಮಿನ ಆಳು ಸಿಕಂದರ.

ಅವನು ತಾಳಿಕೋಟಿ ಕಡೆಯವನು, ಇಡೀ ಕ್ಲಬ್ಬಿನಲ್ಲಿ ಕನ್ನಡ ಬರುವುದು ನಮ್ಮಿಬ್ಬರಿಗೇ. ಹತ್ತೊಂಬತ್ತನೇ ವಯಸ್ಸಿಗೆ ಕಲಂಗುಟ್‌ಗೆ ಹೋಟೆಲ್ ಕಟ್ಟುವ ಕೆಲಸಕ್ಕೆ ಬಂದ. ಸೆಂಟ್ರಿಂಗ್ ಹಲಗೆ ಬಿದ್ದು ಎಡಗಾಲಿನ ಎರಡು ಬೆರಳು ಹೋದವು. ಭಾರ ಎತ್ತಲಾಗದೆ ನಮ್ಮ ಕ್ಲಬ್ಬಿನ ಗೇಟಿಗೆ ಕಾವಲುಗಾರನಾಗಿ ಬಂದು ನಿಂತ, ಅಲ್ಲಿಂದ ಎರಡು ವರ್ಷಕ್ಕೆ ಕಾರ್ಡ್‌ರೂಮಿಗೆ ಬಂದ. ಅಲ್ಲಿ ಹದಿನೆಂಟು ವರ್ಷ, ನಮ್ಮ ಕುರ್ಚಿಗಳ ಹಿಂದೆ. ಚಹಾ ಕೊಡುವುದು, ಎಲೆ ಕಲಸುವುದು, ಕರೆದಾಗ ಓಡಿಬರುವುದು. ಅವನಿಗೆ ಒಂದೇ ಕಟ್ಟಪ್ಪಣೆ: ಹಿಂದೆ ನಿಂತಾಗ ಮುಖದಲ್ಲಿ ಏನೂ ಕಾಣಬಾರದು. ಯಾರ ಕೈಯಲ್ಲಿ ಎಕ್ಕ ಇದೆ, ಯಾರ ಕೈ ಖಾಲಿ ಎಂದು ಎದುರಾಳಿ ಇವನ ಮುಖ ನೋಡಿ ತಿಳಿಯಬಾರದಲ್ಲ. ಹದಿನೆಂಟು ವರ್ಷ ಅವನು ಹಾಗೇ ನಿಂತ. ನಾನು ನಿಂತಿದ್ದರೆ ನಮ್ಮವರ ಆಟಕ್ಕೆ ದಿನಕ್ಕೆ ಹತ್ತು ಸಲ ಹಣೆ ಚಚ್ಚಿಕೊಳ್ಳುತ್ತಿದ್ದೆ.

ಬ್ರಿಜ್ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ವರು ಆಡುವ ಆಟ, ಎದುರುಬದುರು ಕೂತವರು ಜೊತೆಗಾರರು. ನಾಲ್ವರೂ ಒಂದೊಂದು ಎಲೆ ಹಾಕಿದರೆ ಒಂದು ಪಟ್ಟು, ಹುಕುಂ ಬಣ್ಣದ ಎಲೆ ಉಳಿದ ಬಣ್ಣಗಳನ್ನೆಲ್ಲ ಹೊಡೆಯುತ್ತದೆ. ಮೊದಲು ಸವಾಲು: ಇಷ್ಟು ಪಟ್ಟು ಹೊಡೆಯುತ್ತೇವೆ, ಈ ಬಣ್ಣ ಹುಕುಂ ಎಂದು ಸರದಿಯಂತೆ ಏರಿಸುತ್ತ ಹೋಗಬೇಕು, ಆಗದಿದ್ದರೆ ಪಾಸ್. ಕೊನೆಗೆ ಯಾರ ಸವಾಲು ನಿಲ್ಲುತ್ತದೋ ಅವರು ಅದನ್ನು ಸಾಧಿಸಬೇಕು, ಎದುರಿನವರು ಮುರಿಯಬೇಕು. ಸವಾಲು ಗೆದ್ದವರ ಜೊತೆಗಾರ ತನ್ನ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿಟ್ಟು ಬಾಯಿ ಮುಚ್ಚಿಕೊಂಡು ಕೂಡಬೇಕು. ಜೊತೆಗಾರನಿಗೆ ಸವಾಲಿನಿಂದ, ಆಡುವ ಎಲೆಯಿಂದ ಮಾತ್ರ ಏನಾದರೂ ತಿಳಿಸಬಹುದು. ಕಣ್ಣು, ಕೆಮ್ಮು, ದನಿ, ಯಾವುದೂ ಕೂಡದು.

ಕೂಡದು ಎಂದದ್ದನ್ನೇ ಮಾಡುವುದರಲ್ಲಿ ನಮ್ಮ ಲೋಟಲೀಕರರದು ಎತ್ತಿದ ಕೈ. ಒಂದು ಕಾರ್ಖಾನೆಯ ಜನರಲ್ ಮ್ಯಾನೇಜರ್ ಆಗಿದ್ದವರು. ಅವರ 'ಪಾಸ್'ನಲ್ಲಿ ಐದು ಬಗೆ ಇತ್ತು. ಸಪ್ಪೆ ಪಾಸ್ ಅಂದರೆ ಕೈಯಲ್ಲಿ ಏನೂ ಇಲ್ಲ. ನಿಟ್ಟುಸಿರಿನ ಪಾಸ್ ಅಂದರೆ ಸ್ವಲ್ಪ ಇದೆ, ನೀನು ಮುಂದುವರಿ. ಬಾಯಿಮಾತಿನ ಸವಾಲು ನಿಂತು ಮೇಜಿಗೆ ಸವಾಲಿನ ಚೀಟಿಗಳು ಬಂದ ಮೇಲೆ ಅವರು ಕಿವಿಗೆ ಬಂದರು. ಎಡಗಿವಿ ತುರಿಸಿದರೆ ಆಟೀನ್ ಬಣ್ಣದ ಎಲೆ ಆಡು, ಬಲಗಿವಿ ತುರಿಸಿದರೆ ಕಳಾವರ್. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಅರವತ್ತೈದು ದಾಟಿದ ಗಂಡಸು ಒಂದು ಪಟ್ಟಿಗಾಗಿ ಕಿವಿ ಕೆರೆಯುವುದೆಂದರೇನು! ಆದರೂ ಅದೇ ಮೇಜಿಗೆ ಹೋಗಿ ಕೂಡುತ್ತಿದ್ದೆ. ಬೇರೆ ಮೇಜು ಎಲ್ಲಿದೆ?

ಸಿಕಂದರನಿಗೆ ಆಟ ಬರುತ್ತದೆಂದು ನನಗೆ ತಿಳಿದದ್ದು ನಾನೇ ಕೆಟ್ಟದಾಗಿ ಸೋತ ಒಂದು ಸಂಜೆ. ಎಲ್ಲರೂ ನನ್ನನ್ನು ಹರಿದು ತಿಂದು ಎದ್ದುಹೋದರು. ಎಲೆ ಒರೆಸುತ್ತಿದ್ದವನು ಮೆಲ್ಲಗೆ ಅಂದ:

"ಸಾಹೇಬ್ರ, ಮೊದಲ ಕಳಾವರ ಆಡಿದ್ರ ಬರ್ತಿತ್ರಿ."

ಸಿಟ್ಟು ಬಂತು. ಮನೆಗೆ ಹೋಗಿ ಎಲೆ ಹರಡಿ ನೋಡಿದೆ. ಅವನು ಹೇಳಿದ್ದು ಸರಿಯಾಗಿತ್ತು.

ಮರುದಿನ ಕೇಳಿದೆ. "ಎಲ್ಲಿ ಕಲತಿ?"

"ಇಲ್ಲೇ ನಿಂತು ನೋಡಿ ನೋಡಿ ಕಲತೇನ್ರಿ. ಮನಿಯಾಗ ನಾವು ನಾಕ ಮಂದಿ ಆಡ್ತೀವ್ರಿ. ನಾನು, ನನ್ನ ಹೇಂತಿ ಜುಲೇಖಾ, ಆಕಿ ತಮ್ಮ ಅಫ್ತಾಬ, ನಮ್ಮ ಮಗಳು ಶಾಹೀನ. ಮೊದಲ ಜುಲೇಖಾ ಇಸ್ಪೀಟ ಮನಿಯಾಗ ಬ್ಯಾಡ ಅಂತಿದ್ಲು. ರೊಕ್ಕಾ ಹಚ್ಚೂದಿಲ್ಲ ಅಂತ ಆಣಿ ಮಾಡಿದ ಮ್ಯಾಲ ಕುಂತ್ಲು. ಈಗ ನನಗಿಂತ ಚಲೋ ಎಣಸ್ತಾಳ."

ಆಮೇಲೆ ನಾಲ್ಕನೆಯವರು ತಪ್ಪಿಸಿಕೊಂಡ ದಿನ ಅವನನ್ನು ಕೂಡಿಸತೊಡಗಿದೆವು. ನಿಜವಾದ ಸದಸ್ಯ ಬಾಗಿಲಲ್ಲಿ ಕಂಡ ಕೂಡಲೇ ಅವನು ಎಲೆ ಬೋರಲು ಹಾಕಿ ಎದ್ದು, ಕುರ್ಚಿಯನ್ನು ವಸ್ತ್ರದಿಂದ ಒರೆಸಿ ಕೊಡುತ್ತಿದ್ದ. ತಾನು ಕೂತ ಕುರ್ಚಿಯನ್ನು ತಾನೇ ಒರೆಸುವುದು! ಅದನ್ನು ನೋಡಿಯೂ ನಾವು ಯಾರೂ ಬೇಡ ಅನ್ನಲಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ಕ್ಲಬ್ಬಿನಲ್ಲಿ ಜೋಡಿ ಸ್ಪರ್ಧೆ ನಡೆಯಿತು. ಮಡಗಾಂವ, ವಾಸ್ಕೋದವರೂ ಬರುವವರಿದ್ದರು. ಮೊದಲ ಎರಡು ಜೋಡಿ ಪಣಜಿಯ ದೊಡ್ಡ ಸ್ಪರ್ಧೆಗೆ ಹೋಗುತ್ತವೆ. ಇನ್ನೇನು ವಾರ ಉಳಿದಿದೆ ಅನ್ನುವಾಗ ಲೋಟಲೀಕರರ ಜೊತೆಗಾರ ಬಚ್ಚಲಿನಲ್ಲಿ ಜಾರಿ ಸೊಂಟ ಮುರಿದುಕೊಂಡರು. ಲೋಟಲೀಕರರ ಬೈಗುಳಕ್ಕೆ ಹೆದರಿ ಉಳಿದ ಯಾರೂ ಅವರೆದುರು ಕೂಡಲು ಒಪ್ಪಲಿಲ್ಲ. ಸಿಕಂದರನ ಹೆಸರು ನಾನು ಹೇಳಿದೆ. ಲೋಟಲೀಕರ್ ಖುಷಿಯಿಂದ ಒಪ್ಪಿದರು. ಆಳಿಗಾದರೆ ಎಷ್ಟು ಬೈದರೂ ತಿರುಗಿ ಮಾತಾಡುವುದಿಲ್ಲ ಎಂಬ ಲೆಕ್ಕ ಅವರದು.

ಪಣಜಿಯಲ್ಲಿ ಆಡಿ ಬಂದವರನ್ನು ಕಾರ್ಡ್‌ರೂಮಿನ ಸದಸ್ಯರೆಂದು ಬರೆದುಕೊಳ್ಳುವುದು ನಮ್ಮ ಕ್ಲಬ್ಬಿನ ಪದ್ಧತಿ. ಇದು ಸಿಕಂದರನಿಗೂ ಗೊತ್ತಿತ್ತು. ನೋಟಿಸ್ ಬೋರ್ಡಿನಲ್ಲಿ 'ಲೋಟಲೀಕರ್ – ಸಿಕಂದರ' ಎಂದು ಟೈಪ್ ಮಾಡಿ ಅಂಟಿಸಿದ ದಿನ ಅವನು ಅದರ ಫೋಟೋ ತೆಗೆದು ಊರಿನ ಅಕ್ಕನಿಗೆ ಕಳಿಸಿದ.

"ಸಾಹೇಬ್ರ, ಪಣಜಿಗಿ ಹೋಗಿ ಬಂದ್ರ ನನಗೂ ಮೆಂಬರ್ ಅಂತ ಬರಕೋತಾರೇನ್ರಿ, ಖರೇ?"

"ಬರಕೋಬೇಕಾಗ್ತದ."

"ಹಂಗಾದ್ರ ಯಾರರೆ ಬಂದ್ರ ನಾ ಏಳೂದ ಬ್ಯಾಡಲ್ರಿ?"

"ಬ್ಯಾಡ" ಅಂದೆ. ಅವನು ನಕ್ಕ. ಕಾರ್ಡ್‌ರೂಮಿನಲ್ಲಿ ಅವನ ಹಲ್ಲು ನಾನು ಕಂಡದ್ದು ಅದೇ ಮೊದಲು.

ಸ್ಪರ್ಧೆಗೆ ಡೈರೆಕ್ಟರ್, ಅಂದರೆ ತೀರ್ಪುಗಾರ, ನಾನು. ಇಂಥ ಸ್ಪರ್ಧೆಯಲ್ಲಿ ಎಲ್ಲ ಮೇಜಿನವರೂ ಅವವೇ ಎಲೆಗಳನ್ನು ಆಡುತ್ತಾರೆ. ನಾಲ್ಕು ಪಾಲಿನ ಎಲೆಗಳನ್ನು ನಾಲ್ಕು ಜೇಬಿರುವ ಪ್ಲಾಸ್ಟಿಕ್ ಬೋರ್ಡಿನಲ್ಲಿ ತುಂಬಿಟ್ಟು, ಒಂದು ಮೇಜಿನವರು ಆಡಿದ ಮೇಲೆ ಮುಂದಿನ ಮೇಜಿಗೆ ಒಯ್ಯುತ್ತಾರೆ. ತುಂಬುವುದು, ಒಯ್ಯುವುದು ಎರಡೂ ಯಾವಾಗಲೂ ಸಿಕಂದರನ ಕೆಲಸವಾಗಿತ್ತು. ಈ ಸಲ ಅವನೇ ಆಟಗಾರ. ಆಡಬೇಕಾದವನು ಬೋರ್ಡು ಮುಟ್ಟಬಾರದು. ಅದಕ್ಕೇ ಶನಿವಾರ ಬಾಗಿಲು ಹಾಕಿಕೊಂಡು ನಾನೇ ಬೋರ್ಡು ತುಂಬಿದ್ದೆ. ಒಯ್ಯುವುದೂ ನನ್ನದೇ ಜವಾಬ್ದಾರಿ.

ಭಾನುವಾರ ಸಿಕಂದರ ಚೆನ್ನಾಗಿ ಆಡಿದ. ಲೋಟಲೀಕರ್ ಬೆಳಗಿನಿಂದ ಕಿವಿ ಕೆರೆಯುತ್ತಲೇ ಇದ್ದರು, ಇವನು ತಲೆ ಎತ್ತದೆ ತನ್ನ ಎಲೆಗಳನ್ನೇ ನೋಡುತ್ತಿದ್ದ. ಮಧ್ಯಾಹ್ನ ಊಟದ ಹೊತ್ತಿಗೆ ಅವರ ಜೋಡಿ ಎರಡನೆಯ ಸ್ಥಾನದಲ್ಲಿತ್ತು. ಅಷ್ಟರಲ್ಲಿ ಮೊಣಕಾಲು ನೋವು ಹಿಡಿದು ನಾನು ಕುರ್ಚಿ ಬಿಟ್ಟು ಏಳದಂತಾಗಿದ್ದೆ. ಕೊನೆಯ ಸುತ್ತು. ಅವರ ಮೇಜಿಗೆ ಬರಬೇಕಾದ ಬೋರ್ಡು ಪಕ್ಕದ ಮೇಜಿನಲ್ಲೇ ಉಳಿದಿತ್ತು. ನಾನು ಕೂತಲ್ಲಿಂದಲೇ ಅಂದೆ:

"ಸಿಕಂದರ, ಆ ಬೋರ್ಡ್ ಇತ್ತ ತಗೊಂಡ ಬಾ."

ಹದಿನೆಂಟು ವರ್ಷದ ರೂಢಿ ನನ್ನ ನಾಲಗೆಗೂ ಇತ್ತು, ಅವನ ಕಾಲಿಗೂ ಇತ್ತು. ಅವನು ಎದ್ದು ಹೋಗಿ ತಂದ. ಜೇಬಿನಿಂದ ಹೊರಗೆ ಇಣುಕುತ್ತಿದ್ದ ಎಲೆಗಳನ್ನು ಬೋರಲಾಗಿಯೇ ಬೆರಳಲ್ಲಿ ತಟ್ಟಿ ಒಳಗೆ ಸರಿಸಿ ಮೇಜಿನ ಮೇಲಿಟ್ಟ. ನಾನು ಹೇಳಿದ್ದು ಕನ್ನಡದಲ್ಲಿ. ಆ ಹಾಲಿನಲ್ಲಿ ಅದು ತಿಳಿದದ್ದು ಅವನೊಬ್ಬನಿಗೆ.

ಎದುರಾಳಿ ಮಡಗಾಂವದ ಹೆಣ್ಣುಮಗಳು, ಮಸ್ಕರೇನ್ಹಸ್ ಬಾಯಿ. ನಾಲ್ಕು ಇಸ್ಪೀಟ್ ಎಂಬ ಸವಾಲು ಅವರದಾಯಿತು, ಅಂದರೆ ಇಸ್ಪೀಟ್ ಬಣ್ಣ ಹುಕುಂ, ಆರರ ಮೇಲೆ ನಾಲ್ಕು, ಹದಿಮೂರರಲ್ಲಿ ಹತ್ತು ಪಟ್ಟು. ಮೊದಲ ಎಲೆ ಸಿಕಂದರನದು. ಲೋಟಲೀಕರ್ ಎಡಗಿವಿ ಉಜ್ಜಿದರು: ಆಟೀನ್ ಆಡು. ಸಿಕಂದರ ಡೈಮಂಡಿನ ಒಂದು ಸಣ್ಣ ಎಲೆ ಇಟ್ಟ. ಡೈಮಂಡ್ ಎಕ್ಕ ಅವನ ಕೈಯಲ್ಲೇ ಇತ್ತು! ಎಕ್ಕ ಇಟ್ಟುಕೊಂಡು ಅದೇ ಬಣ್ಣದ ಚಿಲ್ಲರೆ ಎಲೆಯಿಂದ ಶುರುಮಾಡುವವರು ಸಾವಿರಕ್ಕೊಬ್ಬರು. ಸವಾಲು ನಡೆದ ರೀತಿಯಿಂದ ಡೈಮಂಡ್ ರಾಜ ಬಾಯಿಯ ಜೊತೆಗಾರನಲ್ಲಿದೆ ಎಂದು ಅವನು ಊಹಿಸಿದ್ದ. ಬಿಚ್ಚಿಟ್ಟ ಎಲೆಗಳಲ್ಲಿ ರಾಜನೂ ಇದ್ದ, ಗುಲಾಮನೂ ಇದ್ದ. ಎಕ್ಕ ಇವನಲ್ಲಿ ಇರಲಾರದೆಂದು ನಂಬಿ ಬಾಯಿ ಗುಲಾಮ ಆಡಿದರು, ಲೋಟಲೀಕರರ ರಾಣಿ ಅದನ್ನು ಹೊಡೆಯಿತು. ಅವರು ತಿರುಗಿಸಿ ಡೈಮಂಡ್ ಆಡಿದಾಗ ಸಿಕಂದರನ ಎಕ್ಕ ಬಂತು. ಮೂರನೇ ಡೈಮಂಡಿಗೆ ಲೋಟಲೀಕರ್ ಹುಕುಂ ಹಾಕಿದರು. ಕೊನೆಗೆ ಅವರ ಆಟೀನ್ ಎಕ್ಕ. ನಾಲ್ಕು ಪಟ್ಟು ಹೋಗಿ ಸವಾಲು ಮುರಿಯಿತು. ಕಿವಿಯ ಮಾತು ಕೇಳಿದ್ದರೆ ಮುರಿಯುತ್ತಿರಲಿಲ್ಲ.

ಮಸ್ಕರೇನ್ಹಸ್ ಬಾಯಿ ಕೈ ಎತ್ತಿ ನನ್ನನ್ನು ಕರೆದರು. ಸಿಕಂದರನಿಗೆ ತಲೆದೂಗಿ, "ಬಹಳ ಚೆನ್ನಾಗಿ ಆಡಿದಿರಿ" ಅಂದರು. ಆಮೇಲೆ ನನ್ನತ್ತ ತಿರುಗಿದರು. "ನನ್ನ ದೂರು ಇವರ ಮೇಲಲ್ಲ. ಮಿಸ್ಟರ್ ಲೋಟಲೀಕರರ ಕಿವಿ ಬೆಳಗಿನಿಂದ ಬಹಳ ತುರಿಸುತ್ತಿದೆ. ಅದನ್ನು ವಿಚಾರಿಸಿ."

ಲೋಟಲೀಕರರ ಮುಖ ಬಿಳಿಚಿತು. ಅರೆಗಳಿಗೆ ಅಷ್ಟೇ. ಕೂಡಲೇ ಬೆರಳು ತಮ್ಮ ಜೊತೆಗಾರನ ಕಡೆ ಹೋಯಿತು.

"ಕಿವಿ ಅಲ್ಲ ಮೇಡಂ, ಕಣ್ಣು. ಈ ಬೋರ್ಡು ತಂದದ್ದು ಇವನು. ಎಲೆ ಸರಿಮಾಡುವ ನೆಪದಲ್ಲಿ ನೋಡಿಕೊಂಡಿದ್ದಾನೆ. ಇಲ್ಲದಿದ್ದರೆ ಎಕ್ಕ ಇಟ್ಟುಕೊಂಡು ಯಾರಾದರೂ ಹೀಗೆ ಆಡುತ್ತಾರೆಯೇ? ಎಷ್ಟಾದರೂ ಆಳು ಜನ."

ಥೂ! ಅವನ ಎಕ್ಕದಿಂದ ಗೆದ್ದ ಪಟ್ಟು ಇನ್ನೂ ಇವರ ಮುಂದೆ ಬಿದ್ದಿತ್ತು.

ಬಾಯಿ ಹುಬ್ಬು ಗಂಟಿಕ್ಕಿದರು. "ಆಡುವವರು ಬೋರ್ಡು ತರುವುದೇ? ಇವರಿಗೆ ತರಲು ಹೇಳಿದವರು ಯಾರು?"

ಸಿಕಂದರ ನನ್ನನ್ನು ನೋಡಿದ. ಬೇಡುವ ನೋಟವಲ್ಲ, ನಾನು ಹೇಳುತ್ತೇನೆಂದು ಸುಮ್ಮನೆ ಕಾಯುವ ನೋಟ. 'ನಾನೇ ಹೇಳಿದೆ, ತಪ್ಪು ನನ್ನದು' ಅಂದಿದ್ದರೆ ಮುಗಿಯುತ್ತಿತ್ತು. ಡೈರೆಕ್ಟರ್ ಆದವನಿಗೆ ಇಷ್ಟೂ ತಿಳಿಯದೇ ಎಂದು ಮಡಗಾಂವದವರು ನಗುತ್ತಿದ್ದರು, ಪಣಜಿಯಲ್ಲಿ ನನ್ನನ್ನು ಮತ್ತೆ ತೀರ್ಪಿಗೆ ಕರೆಯುತ್ತಿರಲಿಲ್ಲ. ಅದಕ್ಕಿಂತ ಹೆಚ್ಚೇನೂ ಆಗುತ್ತಿರಲಿಲ್ಲ. ನಾನು ಲೋಟ ಎತ್ತಿ ನೀರು ಕುಡಿದೆ. ಪೂರ್ತಿ ಕುಡಿದೆ.

ಲೋಟ ಕೆಳಗಿಡುವಷ್ಟರಲ್ಲಿ ಅವನಿಗೆ ತಿಳಿದುಹೋಗಿತ್ತು. ಎದ್ದು ನಿಂತು ಎಲ್ಲರಿಗೂ ತಿಳಿಯುವಂತೆ ಹಿಂದಿಯಲ್ಲಿ ಹೇಳಿದ: ಯಾರೂ ಹೇಳಿಲ್ಲ, ರೂಢಿಯಿಂದ ನಾನೇ ಎದ್ದು ತಂದೆ, ಎಲೆ ಮಾತ್ರ ನೋಡಿಲ್ಲ.

ನನ್ನನ್ನು ಉಳಿಸಿದ. ನಾನು ಉಳಿದೆ. ಯಾವ ನಿಯಮದ ಪುಸ್ತಕದಲ್ಲೂ ಇಲ್ಲದ ತೀರ್ಪನ್ನು ನನ್ನ ಕೈಯಾರೆ ಬರೆದೆ: ಆ ಬೋರ್ಡು ರದ್ದು, ಸಿಕಂದರ ಸ್ಪರ್ಧೆಯಿಂದ ಹೊರಗೆ, ಲೋಟಲೀಕರರ ಸ್ಥಾನಕ್ಕೆ ಧಕ್ಕೆಯಿಲ್ಲ. ಕಿವಿಯ ವಿಚಾರಣೆ ಅಲ್ಲಿಗೇ ನಿಂತಿತು. ಕಾರ್ಯದರ್ಶಿ ನೋಟಿಸ್ ಬೋರ್ಡಿನ ಹಾಳೆಯಲ್ಲಿ ಸಿಕಂದರನ ಹೆಸರಿನ ಮೇಲೆ ಪೆನ್ನಿನಿಂದ ಗೀಟು ಹಾಕಿದರು. ಸಿಕಂದರ ಸ್ಪಿರಿಟ್ ಬಾಟಲಿ ತಂದು ಎಲೆ ಒರೆಸಲು ಕೂತ.

ಮೂರನೆಯ ದಿನ ಅವನ ಕೋಣೆಗೆ ಹೋದೆ. ಅವನಿರಲಿಲ್ಲ, ಜುಲೇಖಾ ಬಾಗಿಲು ತೆಗೆದಳು.

"ಬರ್ರಿ ಸಾಹೇಬ್ರ, ಕುಂದರ್ರಿ. ಭಾನುವಾರ ಏನಾತ್ರಿ? ಅವ್ರನ್ನ ಕೇಳಿದ್ರ ಬಾಯಿ ಬಿಡವಲ್ರು. ಶಾಹೀನ ಆಡೋಣ ಅಂತ ಇಸ್ಪೀಟ ತಂದ್ಲು, ಒಳಗಿಡು ಅಂದ್ರು. ನೀವರೆ ಹೇಳ್ರಿ."

ಹೆಂಡತಿಗೂ ಅವನು ನನ್ನ ಹೆಸರು ಹೇಳಿರಲಿಲ್ಲ. ನಾನು ಬಂದದ್ದೇ ಹೇಳಲಿಕ್ಕೆ. ಬಾಯಿಂದ ಬಂದದ್ದು ಬೇರೆ.

"ಆಟದಾಗ ಸೋತ್ರವ್ವಾ" ಅಂದೆ. ಅವಳು ಕೊಟ್ಟ ಚಹಾ ಕುಡಿದು ಬಂದೆ.

ಪಣಜಿಗೆ ಲೋಟಲೀಕರ್ ಬೇರೆ ಯಾರನ್ನೋ ಕಟ್ಟಿಕೊಂಡು ಹೋಗಿ ಕೊನೆಯ ಸ್ಥಾನ ಪಡೆದು ಬಂದರು, ಬಂದು ಜೊತೆಗಾರನನ್ನು ವಾರಪೂರ್ತಿ ಬೈದರು. ಒಂದು ಗುರುವಾರ ಸಂಜೆ ನಾಲ್ಕನೆಯವರು ಬರಲಿಲ್ಲ. ಲೋಟಲೀಕರ್ ಹೆಬ್ಬೆರಳು ನೆಕ್ಕಿ ಎಲೆ ಹಂಚಲು ಶುರುಮಾಡಿ, "ಕರೆಯಿರಿ ನಿಮ್ಮವನನ್ನು, ಕೂಡಲಿ" ಅಂದರು. ನಾಚಿಕೆಯಿಲ್ಲದೆ ನಾನು ಕರೆದೆ.

"ಸಿಕಂದರ, ಬಾ, ಒಂದ ಕೈ ಕೂಡ."

ಅವನು ಚಹಾದ ತಟ್ಟೆ ಕೆಳಗಿಟ್ಟು ನನ್ನ ಮುಖವನ್ನೇ ನೋಡಿ ಹೇಳಿದ:

"ನನಗ ಆಟ ಬರೂದಿಲ್ರಿ ಸಾಹೇಬ್ರ. ಬೇಕಾದ್ರ ನೀವು ಎಲ್ಲಾರಿಗೂ ಹಂಗ ಹೇಳ್ರಿ."

ಲೋಟಲೀಕರ್ ತಲೆ ಎತ್ತಿ, "ಏನಂತೆ?" ಎಂದು ಕೇಳಿದರು.

"ಒಳಗೆ ಕೆಲಸ ಇದೆಯಂತೆ" ಅಂದೆ.