ಕೆಂಪು ಗಂಟಿನೊಳಗಿನ ಪುಸ್ತಕ

ತುರ್ತು ಪರಿಸ್ಥಿತಿಯ ಎರಡನೇ ವರ್ಷ. ನಾನು ಯಲಬುರ್ಗಾದಲ್ಲಿ ಬಾಡಿಗೆ ಕೋಣೆ ಹಿಡಿದು ಕೋರ್ಟೊಂದರಲ್ಲಿ ಟೈಪಿಸ್ಟ್ ಆಗಿದ್ದೆ. ನೌಕರಿ ಹಂಗಾಮಿ, ಯಾವಾಗ ಬೇಕಾದರೂ ಮನೆಗೆ ಕಳಿಸಬಹುದಿತ್ತು. ಗಂಗಾವತಿಯ ಅಕ್ಕಿ ಗಿರಣಿಯ ಧೂಳು ಕುಡಿದು ಅಪ್ಪನ ಎದೆ ಕೆಟ್ಟಿತ್ತು. ಮನೆಯ ಐದು ಜನ ನನ್ನ ಪಗಾರದ ಮೇಲೇ ಉಣ್ಣುತ್ತಿದ್ದರು.

ನನಗೆ ಓದುವ ಹುಚ್ಚು. ಅದನ್ನು ಕಂಡ ನಮ್ಮ ಕೋರ್ಟಿನ ವಕೀಲರೊಬ್ಬರು ಒಂದು ಇಂಗ್ಲಿಷ್ ಪುಸ್ತಕ ಕೊಟ್ಟರು. ದಿಲ್ಲಿಯ ಸುಪ್ರೀಂ ಕೋರ್ಟಿನಲ್ಲಿ ವರ್ಷಗಟ್ಟಲೆ ಕೂತು ಪತ್ರಿಕೆಗೆ ವರದಿ ಮಾಡಿದವನೊಬ್ಬ ಆ ಕೋರ್ಟಿನ ಬಗ್ಗೆಯೇ ಬರೆದದ್ದು. ಸರ್ಕಾರಕ್ಕೆ ಸೊಪ್ಪು ಹಾಕದ ನ್ಯಾಯಮೂರ್ತಿಗಳನ್ನು ಹೇಗೆ ಬದಿಗೆ ಸರಿಸಿದರು ಎಂಬುದೆಲ್ಲ ಅದರಲ್ಲಿತ್ತು. ನಮ್ಮ ಮುನ್ಸೀಫ್ ಸಾಹೇಬರು ಕೆಮ್ಮಿದರೂ ಎದ್ದು ನಿಲ್ಲುತ್ತಿದ್ದವಳು ನಾನು. ದೇಶದ ಅತಿ ದೊಡ್ಡ ನ್ಯಾಯಾಧೀಶರಿಗೂ ಅಂಜಿಕೆ ಇರುತ್ತದೆ ಎಂದು ಓದಿ ಬೆರಗಾದೆ. ವಕೀಲರು ಮೊದಲ ಹಾಳೆಯ ಮೇಲೆ ನನ್ನ ಹೆಸರು ಬರೆದು, ಕೆಳಗೆ ತಮ್ಮ ಸಹಿ ಹಾಕಿದ್ದರು.

ಎಂಟು ದಿನಕ್ಕೆ ಪೊಲೀಸರು ವಕೀಲರನ್ನು ಹಿಡಿದುಕೊಂಡು ಹೋದರು. ಅವರ ಮನೆಯ ಪುಸ್ತಕಗಳನ್ನೆಲ್ಲ ಚೀಲದಲ್ಲಿ ತುಂಬಿ ಒಯ್ದರಂತೆ. ನನ್ನ ಬಳಿ ಇರುವ ಪುಸ್ತಕಕ್ಕೆ ನಿಷೇಧ ಇದೆಯೋ ಇಲ್ಲವೋ, ಯಾರನ್ನು ಕೇಳಲಿ? ಕೇಳಿದರೇ ಸಿಕ್ಕಿಬಿದ್ದಂತೆ. ಸುಡಲು ಮನಸ್ಸು ಬರಲಿಲ್ಲ. ಹೆಸರಿನ ಹಾಳೆ ಹರಿದು ಒಗೆಯಬೇಕೆಂಬುದೂ ಹೊಳೆಯಲಿಲ್ಲ, ಅಷ್ಟು ಕೈಕಾಲು ಬಿಟ್ಟಿದ್ದೆ. ಪೊಲೀಸರು ಮನೆ ಹುಡುಕುತ್ತಾರೆ, ಕೋರ್ಟಿನ ದಫ್ತರ ಹುಡುಕುವುದಿಲ್ಲ ಎಂದು ಲೆಕ್ಕ ಹಾಕಿದೆ. ಎಂದೋ ಮುಗಿದ ಹೊಲದ ಬದುವಿನ ಜಗಳದ ಕಡತವೊಂದರ ಕೆಂಪು ಬಟ್ಟೆಯ ಗಂಟು ಬಿಚ್ಚಿ, ಒಳಗೆ ಪುಸ್ತಕ ಸೇರಿಸಿ ಕಟ್ಟಿಟ್ಟೆ. ಮಹಾ ಜಾಣೆ ನಾನು!

ಎರಡು ತಿಂಗಳಾದ ಮೇಲೆ ಅದೇ ಹೊಲದ ಇನ್ನೊಂದು ವ್ಯಾಜ್ಯ ಮೇಲ್ಮನವಿಗೆ ಹೋಯಿತು. ಹಳೆಯ ಕಡತವನ್ನೂ ಕಳಿಸಿರೆಂದು ಜಿಲ್ಲಾ ಕೋರ್ಟಿನಿಂದ ಹುಕುಂ ಬಂತು. ಅದು ನನಗೆ ಗೊತ್ತಾದದ್ದು, ದಫ್ತರ ನೋಡಿಕೊಳ್ಳುವ ಹಿರಿಯರು ಆ ಗಂಟನ್ನೇ ತಂದು ನನ್ನ ಮೇಜಿನ ಮೇಲೆ ಇಟ್ಟಾಗ.

ಹಿರಿಯರದು ಒಂದೇ ಕಟ್ಟಳೆ. ಗಂಟಿನೊಳಗೆ ಇದ್ದದ್ದನ್ನು ತೆಗೆಯುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಒಮ್ಮೆ ಹಾಳೆಗಳ ನಡುವೆ ಒಣಗಿದ ವೀಳ್ಯದೆಲೆ ಸಿಕ್ಕರೆ ಅದನ್ನೂ ಪಟ್ಟಿಗೆ ಸೇರಿಸಿದ್ದರು. ನಾವೆಲ್ಲ ನಕ್ಕಿದ್ದೆವು. ಈಗ ಗಂಟಿನ ಜೊತೆ ಕಳಿಸುವ ಪಟ್ಟಿಗಾಗಿ ಅವರು ಮಂಜುಗಣ್ಣಿನಿಂದ ಒಂದೊಂದನ್ನೇ ಎತ್ತಿ ಹೇಳತೊಡಗಿದರು, ನಾನು ಟೈಪು ಮಾಡತೊಡಗಿದೆ.

"ಹನ್ನೊಂದು. ಅಚ್ಚಾದ ಪುಸ್ತಕ, ಒಂದು. ಹೊಡಿಯವ್ವ, ಯಾಕ ನಿಂತಿ?"

ಎರಡು ಸಲ ತಪ್ಪಿ ಹೊಡೆದೆ. ಪಟ್ಟಿಗೆ ಆಗಲೇ ಸಾಹೇಬರ ಸಹಿ ಬಿತ್ತು. ಹಿರಿಯರು ಪುಟಗಳಿಗೆ ಸಂಖ್ಯೆ ಹಾಕಲು ಗಂಟನ್ನು ತಮ್ಮ ಕೋಣೆಗೆ ಒಯ್ದು ಬಾಗಿಲು ಮುಂದೆ ಮಾಡಿಕೊಂಡರು. ಸಂಜೆಯ ಬಸ್ಸಿಗೆ ಅದು ಊರು ಬಿಟ್ಟಿತು.

ಆಮೇಲೆ ಜೀಪಿನ ಸಪ್ಪಳ ಕೇಳಿದರೆ ಉಣ್ಣುವುದು ಬಿಟ್ಟು ಕಿಟಕಿಗೆ ಹೋಗಿ ನೋಡುತ್ತಿದ್ದೆ. ಸಾಹೇಬರು ಕರೆಯುತ್ತಿದ್ದಾರೆ ಎಂದು ಜವಾನ ಬಂದು ಹೇಳಿದರೆ ಸಾಕು, ನೌಕರಿ ಹೋಯಿತು, ಅಪ್ಪನ ಔಷಧ ನಿಂತಿತು ಎಂದೇ ಎದ್ದು ಹೋಗುತ್ತಿದ್ದೆ. ಸಾಹೇಬರು ಯಾವುದೋ ಪತ್ರ ಹೇಳಿ ಬರೆಸುತ್ತಿದ್ದರು, ಅಷ್ಟೇ.

ಮೂರು ತಿಂಗಳ ಮೇಲೆ ಗಂಟು ವಾಪಸು ಬಂತು. ಯಾರೂ ಇಲ್ಲದಾಗ ಬಿಚ್ಚಿ ನೋಡಿದೆ. ಪುಸ್ತಕ ಇತ್ತು. ಹೆಸರಿನ ಹಾಳೆ ಇರಲಿಲ್ಲ. ಯಾರೋ ಬ್ಲೇಡಿನಿಂದ ನೇರವಾಗಿ ಕೊಯ್ದು ತೆಗೆದಿದ್ದರು. ನನ್ನ ಮೇಲಿನ ಸಾಕ್ಷಿಗೆಂದು ಜಿಲ್ಲಾ ಕೋರ್ಟಿನವರು ತೆಗೆದಿಟ್ಟುಕೊಂಡಿದ್ದಾರೆ ಎಂದುಕೊಂಡೆ. ಮೊದಲಿನ ಅಂಜಿಕೆಯೇ ವಾಸಿ ಅನ್ನಿಸಿತು. ತುರ್ತು ಪರಿಸ್ಥಿತಿ ಮುಗಿದು, ವಕೀಲರು ಸೊರಗಿ ಮನೆಗೆ ಬಂದರೂ ನನ್ನ ಅಂಜಿಕೆ ಬಿಡಲಿಲ್ಲ. ಆ ಹಾಳೆ ಎಲ್ಲೋ ಒಂದು ಫೈಲಿನಲ್ಲಿ ನನ್ನನ್ನು ಕಾಯುತ್ತಾ ಕೂತಿತ್ತಲ್ಲ.

ಎಂಬತ್ತರ ದಶಕ. ನನ್ನ ನೌಕರಿ ಕಾಯಂ ಆಗಿತ್ತು. ನಿವೃತ್ತರಾಗಿ ಕೊಪ್ಪಳದಲ್ಲಿದ್ದ ಹಿರಿಯರಿಗೆ ಮೈಯಲ್ಲಿ ನೆಟ್ಟಗಿಲ್ಲವೆಂದು ಕೇಳಿ ನೋಡಲು ಹೋದೆ. ಆ ಪತ್ರಕರ್ತನ ಎರಡನೇ ಪುಸ್ತಕ ನನ್ನ ಕೈಚೀಲದಲ್ಲಿತ್ತು. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಅವನೇ ಬರೆದದ್ದೇನು ಎಂದು ಕೇಳಿದರು. ಮೊದಲ ಪುಸ್ತಕದ ಬಗ್ಗೆ ನಾನು ಅವರಿಗೆ ಎಂದೂ ಹೇಳಿರಲಿಲ್ಲ. ಸೊಸೆಯಿಂದ ಟ್ರಂಕು ತರಿಸಿ, ಮಡಿಚಿಟ್ಟ ಹಾಳೆಯೊಂದನ್ನು ನನ್ನ ಕೈಗೆ ಕೊಟ್ಟರು. ನನ್ನ ಹೆಸರು. ಕೆಳಗೆ ವಕೀಲರ ಸಹಿ.

"ಸಾಹೇಬ್ರ ಸಹಿ ಆಗಿತ್ತು, ಪುಸ್ತಕ ತಗಿಯಾಕ ಬರ್ತಿರಲಿಲ್ಲ," ಎಂದರು. "ಮೂವತ್ತು ವರ್ಷದಾಗ ಕಡತದಿಂದ ನಾ ತಗದದ್ದು ಇದೊಂದ ಹಾಳಿ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. "ನನಗ ಒಂದ್ ಮಾತು ಹೇಳಬಾರದಿತ್ತೇನ್ರಿ? ಎಷ್ಟು ಅಂಜಿದ್ದೆ ಗೊತ್ತೇನ್ರಿ?"

"ನಾನೂ ಅಂಜಿದ್ದೆನವ್ವ. ನನಗೂ ಮಕ್ಕಳಿದ್ದವು."

ಹಾಗಾದರೆ ಸುಟ್ಟುಬಿಡಬೇಕಿತ್ತಲ್ಲ, ಮನೆಯಲ್ಲಿ ಯಾಕೆ ಇಟ್ಟುಕೊಂಡಿರಿ ಎಂದು ಕೇಳಿದೆ. ಅವರು ಹಾಳೆಯ ಮೂಲೆಯನ್ನು ಬೆರಳಿನಿಂದ ತೋರಿಸಿದರು. ಅಲ್ಲಿ ಕೆಂಪು ಮಸಿಯಲ್ಲಿ, ಸಣ್ಣ ಅಕ್ಷರದಲ್ಲಿ, ಪುಟದ ಸಂಖ್ಯೆ ಇತ್ತು. ಪಕ್ಕದಲ್ಲಿ 'ನಾನೇ ತೆಗೆದದ್ದು' ಎಂದು ಬರೆದು, ತಮ್ಮ ಪೂರ್ತಿ ಹೆಸರಿನ ಸಹಿ ಹಾಕಿದ್ದರು.