ಶಾರದಾ ಆಂಟಿಯ ಜೈಲು ಪಂಚಾಂಗ

ಕನ್ನಡಿಯಲ್ಲಿ ಕೆಂಪು ನೀಲಿ ದೀಪಗಳು ಕುಣಿಯತೊಡಗಿದವು. ನಾನು ಗಾಬರಿಯಿಂದ ಬ್ರೇಕ್ ಒತ್ತಿದ ರಭಸಕ್ಕೆ, ಪಕ್ಕದ ಸೀಟಿನಲ್ಲಿದ್ದ ಶಾರದಾ ಆಂಟಿಯ ತೊಡೆಯ ಮೇಲಿನ ಡಬ್ಬಿಯ ಮುಚ್ಚಳ ಹಾರಿತು. ಕಾರಿನ ತುಂಬ ಶೇಂಗಾ ಚಟ್ನಿಪುಡಿಯ ಘಮ. ಆಂಟಿಯನ್ನು ನ್ಯೂಜೆರ್ಸಿಯ ಮೆಟುಚೆನ್ನಿನಿಂದ ಮಾನ್ಮತ್ ಜಂಕ್ಷನ್ನಿನಲ್ಲಿರುವ ಅವರ ಮಗಳ ಮನೆಗೆ ಬಿಡಲು ಹೊರಟಿದ್ದೆ. ನಾನು ಮಾಡಿದ ತಪ್ಪೇನು ಅನ್ನುವುದು ಆ ಗಳಿಗೆಯಲ್ಲಿ ದೇವರಿಗೂ ಪೊಲೀಸನಿಗೂ ಮಾತ್ರ ಗೊತ್ತಿತ್ತು. ಕಾರನ್ನು ಬದಿಗೆ ತಂದು ನಿಲ್ಲಿಸಿದೆ.

ಇಲ್ಲಿಯ ಪೊಲೀಸರು ಗಾಡಿ ನಿಲ್ಲಿಸಿದ ತಕ್ಷಣ ಇಳಿದು ಬರುವುದಿಲ್ಲ, ಬಲ್ಲಿರಲ್ಲ? ಹಿಂದೆ ತಮ್ಮ ಕಾರಿನಲ್ಲೇ ಕೂತು ನಮ್ಮ ನಂಬರನ್ನು ಕಂಪ್ಯೂಟರಿಗೆ ಹಾಕಿ, ಕುಲಗೋತ್ರವೆಲ್ಲ ಜಾಲಾಡಿ, ಆಮೇಲೆ ನಿಧಾನವಾಗಿ ದಯಮಾಡಿಸುತ್ತಾರೆ. ಅವನು ಬರುವ ತನಕ ನಮಗೆ ಸಮಯವಿದೆ. ಅಷ್ಟರಲ್ಲಿ ಈ ಆಂಟಿಯ ವಿಷಯ ಹೇಳಿಬಿಡುತ್ತೇನೆ. ಯಾಕೆಂದರೆ ಅವನು ಹಿಂದಿನ ಕಾರಿನಲ್ಲಿ ಮಾಡುತ್ತಿದ್ದ ಕೆಲಸವನ್ನು ನಮ್ಮ ಕನ್ನಡಿಗರಲ್ಲಿ ಮೊದಲು ಕೈಗೆತ್ತಿಕೊಂಡವರು ಇವರೇ. ಸಂಬಳವಿಲ್ಲದೆ, ಸಮವಸ್ತ್ರವಿಲ್ಲದೆ.

ಬ್ಯಾಂಕುಗಳು ಒಂದೊಂದಾಗಿ ಮಗುಚಿಕೊಳ್ಳುತ್ತಿದ್ದ ವರ್ಷಗಳು ಅವು. ಸತ್ಯನಾರಾಯಣ ಪೂಜೆಗೆ ಹೋದರೆ ಗಂಡಸರು ಪ್ರಸಾದದ ದೊನ್ನೆ ಹಿಡಿದುಕೊಂಡು ‘ನಿಮ್ಮಲ್ಲಿ ಲೇಆಫ್ ಉಂಟಾ?’ ಎಂದು ಪಿಸುಗುಡುತ್ತಿದ್ದರು. ನಾನು ಆಗ ಎಚ್-ಫೋರ್, ಅಂದರೆ ಗಂಡನ ವೀಸಾಕ್ಕೆ ಅಂಟಿಕೊಂಡ ಬಾಲ. ಕೆಲಸ ಮಾಡುವ ಹಾಗಿಲ್ಲ, ಸುಮ್ಮನೆ ಕೂರುವ ಬುದ್ಧಿಯೂ ಇಲ್ಲ. ಎರಡು ಮನೆ ಆಚೆ ಧಾರವಾಡದ ಶಾರದಾ ಆಂಟಿ ಮತ್ತು ಕುಲಕರ್ಣಿ ಅಂಕಲ್. ಅಂಕಲ್ ಪೇಪರಿನ ಹಿಂದೆ ವಾಸಿಸುತ್ತಿದ್ದರು. ಆಂಟಿ ಉಳಿದೆಲ್ಲ ಕಡೆ ವಾಸಿಸುತ್ತಿದ್ದರು.

ಊರಿನ ಲೈಬ್ರರಿಯಲ್ಲಿ ಹಿರಿಯರಿಗೆ ಕಂಪ್ಯೂಟರ್ ಕಲಿಸುತ್ತಿದ್ದರು. ಉಳಿದ ಹಿರಿಯರು ಮೊಮ್ಮಕ್ಕಳಿಗೆ ಈಮೇಲ್ ಬರೆಯುವುದನ್ನು ಕಲಿತು ಬಂದರೆ, ಆಂಟಿ ಕೌಂಟಿಯ, ಅಂದರೆ ಇಲ್ಲಿಯ ಜಿಲ್ಲೆಯ, ಜೈಲಿನ ವೆಬ್‌ಸೈಟನ್ನು ಕಲಿತು ಬಂದರು. ಹೆಸರು ಹಾಕಿದರೆ ಸಾಕು, ಒಳಗಿರುವವರೂ ಒಳಗಿದ್ದು ಬಂದವರೂ ಫೋಟೋ ಸಮೇತ ಪ್ರತ್ಯಕ್ಷರಾಗುತ್ತಿದ್ದರು. ‘ಈ ದೇಶದಾಗ ಯಾರನ್ನ ಹಿಡದ್ರು ಅನ್ನೋದು ಮುಚ್ಚಿಡೂ ಹಂಗಿಲ್ಲಂತವಾ! ಭಾಳ ಛಲೋ ದೇಶ’ ಎಂದು ಕಣ್ಣರಳಿಸಿದರು. ಅವರು ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದುದರಿಂದ, ಹತ್ತು ಬೆರಳೂ ಖಾಲಿಯಿದ್ದ ನನ್ನನ್ನು ಕರೆದರು. ಕಂಪ್ಯೂಟರ್ ಸೈನ್ಸ್ ಓದಿದ್ದು ಕೊನೆಗೂ ಒಂದು ಉಪಯೋಗಕ್ಕೆ ಬಂತು.

ಆಂಟಿಗೆ ಗಂಡು ಹೆಣ್ಣು ಕೂಡಿಸುವ ಹವ್ಯಾಸವಿತ್ತು. ಮೊದಲು ಗೋತ್ರ, ಆಮೇಲೆ ಜಾತಕ, ಆಮೇಲೆ ಜೈಲು. ‘ಗ್ರಹ ಕೂಡಿದ್ರ ಸಾಲೂದಿಲ್ಲ. ಶನಿ ಮ್ಯಾಲಿದ್ದಾನೋ ಒಳಗಿದ್ದಾನೋ ನೋಡಬೇಕು’ ಎನ್ನುತ್ತಿದ್ದರು. ಹುಡುಗ ಯಾವ ಯಾವ ಊರಿನಲ್ಲಿ ಬಾಡಿಗೆಗಿದ್ದ ಎಂದು ವಿಚಾರಿಸಿ, ಆಯಾ ಕೌಂಟಿಗಳಲ್ಲೆಲ್ಲ ಹುಡುಕಿಸುತ್ತಿದ್ದರು. ಕ್ರಮೇಣ ಇದು ಮದುವೆಯ ಎಲ್ಲೆ ದಾಟಿತು. ಬೇಸ್‌ಮೆಂಟಿಗೆ ಬಾಡಿಗೆಗೆ ಬರುವವನು, ಎಡಿಸನ್ನಿನಿಂದ ಬರುವ ಪುರೋಹಿತರು, ಸ್ವಂತ ನೆಂಟರು, ಯಾರಿಗೂ ವಿನಾಯಿತಿಯಿಲ್ಲ. ನಾವು ಒಳಗೊಳಗೇ ನಗುತ್ತಿದ್ದೆವು. ನಕ್ಕವರೇ ಮರುದಿನ ಫೋನ್ ಮಾಡಿ, ‘ಆಂಟಿ, ಸುಮ್ನೆ ಹಾಗೇ, ಒಂದು ಹೆಸರು ನೋಡ್ತೀರಾ?’ ಎಂದು ಕೇಳುತ್ತಿದ್ದರು.

ಒಂದು ಮಧ್ಯಾಹ್ನ ಆಂಟಿ ಪೇಪರು ಹಿಡಿದುಕೊಂಡು ಬಂದರು. ಅದರಲ್ಲಿ ಮುಳುಗಿದ ಬ್ಯಾಂಕುಗಳ ಯಜಮಾನರ ಫೋಟೋಗಳಿದ್ದವು. ಎಲ್ಲರೂ ಟೈ ಕಟ್ಟಿ ನಗುತ್ತಿದ್ದರು. ‘ಇವರನ್ನೂ ಹಾಕು’ ಎಂದರು. ನ್ಯೂಜೆರ್ಸಿ ಮುಗಿಸಿ ನ್ಯೂಯಾರ್ಕಿಗೂ ಹೋದೆವು. ಒಬ್ಬರ ಸುಳಿವೂ ಇಲ್ಲ. ಪುಟದಲ್ಲಿ ಇದ್ದವರೆಂದರೆ ಲೈಸೆನ್ಸ್ ಮುಗಿದರೂ ಗಾಡಿ ಓಡಿಸಿದವನು, ಅಂಗಡಿಯಲ್ಲಿ ಕೂಸಿನ ಹಾಲಿನ ಪುಡಿ ಕದ್ದವಳು, ಪಾರ್ಕಿನ ಬೆಂಚಿನ ಮೇಲೆ ಮಲಗಿದವನು. ಆಂಟಿ ಬಹಳ ಹೊತ್ತು ನೋಡಿದರು. ‘ಲಕ್ಷಗಟ್ಟಲೆ ಮಂದಿ ಮನಿ ನುಂಗಿದಾವ್ರ ಹೆಸರು ಯಾಕಿಲ್ಲ?’ ಎಂದರು. ವೆಬ್‌ಸೈಟ್ ಕೆಟ್ಟಿರಬೇಕು ಎಂದು ಅವರೇ ಸಮಾಧಾನ ಮಾಡಿಕೊಂಡರು. ಅದು ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದು ನನಗೆ ಅನ್ನಿಸಿತ್ತು.

ಇಷ್ಟರಲ್ಲಿ ಆಂಟಿಯ ಮಗಳು ವಿದ್ಯಾಳಿಗೇ ಸಂಬಂಧ ಬಂತು. ಹುಡುಗ ರಘು, ಮೈಸೂರಿನವನು, ಮಾನ್ಮತ್ ಜಂಕ್ಷನ್ನಿನ ಔಷಧ ಕಂಪನಿಯೊಂದರಲ್ಲಿ ಕೆಲಸ. ಗೋತ್ರ ಬೇರೆ, ಜಾತಕ ಕೂಡಿತು. ಇಬ್ಬರೂ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡಿ, ಭೇಟಿಯಾಗಿ, ಒಪ್ಪಿಯೂ ಆಗಿತ್ತು. ಮೂವತ್ತು ಸಂಬಂಧಗಳಿಗೆ ಮೂಗು ಮುರಿದಿದ್ದ ವಿದ್ಯಾ ಹಾಡು ಗುನುಗಿಕೊಂಡು ಓಡಾಡುತ್ತಿದ್ದಳು. ಹುಡುಗ ಮನೆಗೆ ಬರುವ ಬೆಳಿಗ್ಗೆ ಆಂಟಿ ಶಿರಾಕ್ಕೆ ರವೆ ಹುರಿಯುತ್ತಲೇ ‘ಶಾಸ್ತ್ರಕ್ಕೊಂದು ನೋಡಿಬಿಡವಾ’ ಎಂದರು. ಶಾಸ್ತ್ರಕ್ಕೆಂದು ಹೆಸರು ಹಾಕಿದೆ.

ರಘು ಬಂದ. ಬಾಗಿಲಿಗಲ್ಲ, ಪರದೆಯ ಮೇಲೆ. ಕೆದರಿದ ಕೂದಲು, ಬೆದರಿದ ಕಣ್ಣು, ಹಿಂದೆ ಬೂದು ಗೋಡೆ. ಪೊಲೀಸರ ಆಜ್ಞೆ ಮೀರಿದ, ಕರ್ತವ್ಯಕ್ಕೆ ಅಡ್ಡಿ ಮಾಡಿದ ಎಂದು ಕೆಳಗೆ ಬರೆದಿತ್ತು. ಹಿಡಿದ ದಿನ ಇತ್ತು, ಬಿಟ್ಟ ದಿನ ಇತ್ತು. ಅಲ್ಲಿ ಆದದ್ದೇನು ಎನ್ನುವುದಕ್ಕೆ ಆ ಪುಟದಲ್ಲಿ ಜಾಗವೇ ಇರಲಿಲ್ಲ. ಆಂಟಿ ಒಲೆ ಆರಿಸಿದರು.

‘ಬರಬ್ಯಾಡಂತ ಹೇಳು’ ಎಂದರು ವಿದ್ಯಾಳಿಗೆ.

ವಿದ್ಯಾ ಹೇಳಲಿಲ್ಲ. ಅವನು ಬಂದ. ಅಂಕಲ್ ಪೇಪರಿನ ಹಿಂದಿದ್ದರು, ಆಂಟಿ ಕಂಬದ ಹಾಗೆ ನಿಂತಿದ್ದರು, ನಾನು ಎದ್ದು ಹೋಗಬೇಕೆಂದು ಗೊತ್ತಿದ್ದೂ ಕೂತಿದ್ದೆ. ಆಂಟಿ ಪರದೆಯನ್ನು ಅವನ ಕಡೆ ತಿರುಗಿಸಿ ‘ಇದು ನೀನ ಹೌದಲ್ಲೋ?’ ಎಂದರು. ಹುಡುಗ ತನ್ನದೇ ಫೋಟೋ ನೋಡಿ ಬೆವರಿದ.

‘ಹೌದು ಆಂಟಿ. ಬಂದು ಎರಡು ತಿಂಗ್ಳಾಗಿತ್ತು ಅಷ್ಟೇ. ಲೈಟ್ ಹಾಕ್ಕೊಂಡು ಪೊಲೀಸ್ ಹಿಂದೆ ಬಂದ. ಮೈಸೂರಲ್ಲಿ ಗಾಡಿ ನಿಲ್ಸಿದ್ರೆ ನಾವೇ ಇಳ್ದು ಹೋಗ್ಬೇಕಲ್ವಾ? ಒಳಗೇ ಕೂತಿದ್ರೆ “ಏನೋ, ದೊಡ್ ಮನುಷ್ಯನಾ, ಇಳಿಯೋ ಕೆಳಗೆ” ಅಂತಾರೆ. ಅದಕ್ಕೆ ಇಳ್ದೆ. ಕೈ ಮುಗ್ಕೊಂಡು ಅವರ ಹತ್ರ ಹೋದೆ. ಕಿರುಚಿದ್ರು. ಲೇಟಾಯ್ತು ಅಂತ ಬೈತಿದಾರೇನೋ ಅಂದ್ಕೊಂಡು ಇನ್ನೂ ಜೋರಾಗಿ ನಡ್ದೆ. ಲೈಸೆನ್ಸ್ ತೆಗೀಯೋಣ ಅಂತ ಜಾಕೆಟ್ ಒಳಗೆ ಕೈ ಹಾಕ್ದೆ, ಗನ್ ತೆಗೀತಿದೀನಿ ಅಂದ್ಕೊಂಡ್ರು. ಇಲ್ಲಿ ಕಾರಿಂದ ಇಳೀಲೇಬಾರ್ದಂತೆ, ನನಗೇನ್ ಗೊತ್ತು?’ ಹಣೆ ಒರೆಸಿಕೊಂಡ. ‘ಆಮೇಲೆ ಜಡ್ಜು ಕೇಸ್ ತೆಗೆದುಹಾಕಿದ್ರು ಆಂಟಿ. ಫೋಟೋ ಮಾತ್ರ ತೆಗೀಲಿಲ್ಲ.’

‘ಅಮ್ಮಾ, ಹಿ ವಾಸ್ ಜಸ್ಟ್ ಬೀಯಿಂಗ್ ಪೊಲೈಟ್!’ ಎಂದು ವಿದ್ಯಾ ಕೂಗಿದಳು. ಅವಳ ಕಣ್ಣಲ್ಲಿ ನೀರಿತ್ತು.

‘ಜೈಲು ಅಂದ್ರ ಜೈಲು’ ಎಂದರು ಆಂಟಿ. ‘ನಮ್ಮ ಮನ್ಯಾಗ ಅಂಥಾವ್ರು ಯಾರೂ ಇಲ್ಲ.’

ಆಗ ಪೇಪರು ಕೆಳಗಿಳಿಯಿತು. ಅಂಕಲ್ ಅವರ ಪೂರ್ತಿ ಮುಖವನ್ನು ನಾನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

‘ಶಾರದಾ, ನಾವು ಬಂದ ಹೊಸದಾಗ ಆ ಹಳೇ ಕಾರ್ ಇತ್ತಲ್ಲ. ಒಂದಿನ ಪೊಲೀಸ ನಿಲ್ಲಿಸಿದ್ದ, ನೆನಪದನ? ನಾ ಸುಮ್ನ ಕೂತಿದ್ದೆ. “ಇಳೀರೀ, ಸಾಹೇಬ್ರು ನಿಂತಾರ, ಕೂತಲ್ಲೇ ಮಾತಾಡಿದ್ರ ಏನು ತಿಳಕೋತಾರ” ಅಂತ ಬೆಲ್ಟ್ ಬಿಚ್ಚಿ ನನ್ನ ಹೊರಗ ದಬ್ಬಿದಾಕಿ ಯಾರು?’

ಆಂಟಿ ಸೆರಗು ಸರಿಮಾಡಿಕೊಂಡರು.

‘ನಾ ಇಳದೆ. ನೀನೂ ಸೆರಗು ಹೊದ್ದುಕೊಂಡು ಇಳದಿ. ಇಬ್ರೂ ಕೈ ಮುಗದು ನಿಂತ್ವಿ. ಅವನ ಕೈ ಸೊಂಟದ ಪಿಸ್ತೂಲಿನ ಮ್ಯಾಲಿತ್ತು. ಆಮ್ಯಾಲ ನಕ್ಕ. ಹೋಗಿ ಕೂಡ್ರಿ ಅಂದ.’ ಅಂಕಲ್ ಪೇಪರನ್ನು ಮಡಚಿದರು. ‘ಅವಾ ನಕ್ಕ, ನಂದು ಫೋಟೋ ಇಲ್ಲ. ಇವನ ಪೊಲೀಸ ನಗಲಿಲ್ಲ. ಇಷ್ಟ ವ್ಯತ್ಯಾಸ.’

ಆಂಟಿ ಅಡುಗೆಮನೆಗೆ ಹೋದರು. ವಿದ್ಯಾ ರಘುವಿನ ಕುರ್ಚಿಯ ಹಿಂದೆ ಹೋಗಿ ನಿಂತಳು. ಎಷ್ಟೋ ಹೊತ್ತಿನ ಮೇಲೆ ಒಲೆ ಮತ್ತೆ ಹತ್ತಿದ ಸದ್ದು, ರವೆಯ ಘಮ. ಆಂಟಿ ತಟ್ಟೆ ತಂದು ಹುಡುಗನ ಮುಂದೆ ಕುಕ್ಕಿದರು. ‘ತಿನ್ನು. ಇನ್ನೊಮ್ಮೆ ಕಾರಿಂದ ಇಳದಿ ಅಂದ್ರ ನಿನ್ನ ಕಾಲು ನಾನ ಮುರೀತೀನಿ.’ ಹೀಗೆ ನಿಶ್ಚಿತಾರ್ಥವಾಯಿತು.

ಮದುವೆಯಲ್ಲಿ ಆಂಟಿ ಬಂದವರಿಗೆಲ್ಲ ‘ಎಂಥಾ ಮರ್ಯಾದಿ ಹುಡುಗ ಅಂತೀರಿ! ಪೊಲೀಸರು ಬಂದ್ರೂ ಎದ್ದು ನಿಂತು ಕೈ ಮುಗೀತಾನ’ ಎಂದು ಹೇಳಿಕೊಂಡು ಓಡಾಡಿದರು. ತಾವೇ ಹುಡುಕಿ ತೆಗೆದ ಗುಣವೇನೋ ಎಂಬಂತೆ. ಜೈಲು ನೋಡುವುದನ್ನು ಬಿಟ್ಟರೇ? ಹುಟ್ಟುಗುಣ ಸುಟ್ಟರೂ ಹೋಗದು. ಆದರೆ ಆಮೇಲೆ ಯಾರದಾದರೂ ಹೆಸರು ಸಿಕ್ಕರೆ ಊರಿಗೆಲ್ಲ ಫೋನ್ ಹೋಗುತ್ತಿರಲಿಲ್ಲ. ಫೋಟೋವನ್ನು ದಿಟ್ಟಿಸಿ, ‘ಪೊಲೀಸ ನಗಲಿಲ್ಲ ಕಾಣಸ್ತದ’ ಎಂದು ತಮಗೆ ತಾವೇ ಹೇಳಿಕೊಂಡು, ಪುಟ ಮುಚ್ಚಲು ನನಗೆ ಸನ್ನೆ ಮಾಡುತ್ತಿದ್ದರು. ನನಗೂ ಆಗಿನಿಂದ ಆ ಫೋಟೋಗಳನ್ನು ನೋಡಿ ನಗು ಬರುವುದು ನಿಂತುಹೋಯಿತು.

ಇಗೋ, ಹಿಂದಿನ ಕಾರಿನ ಬಾಗಿಲು ತೆರೆಯಿತು. ಅಂಕಲ್ ಈಗಿಲ್ಲ. ಆಂಟಿಗೆ ವಯಸ್ಸಾಗಿದೆ, ಕೆಲವೊಮ್ಮೆ ನನ್ನ ಹೆಸರೂ ಮರೆಯುತ್ತದೆ. ನಾನು ಈ ದೇಶದ ಪ್ರಜೆಯಾಗಿದ್ದೇನೆ, ವೋಟು ಹಾಕಿದ್ದೇನೆ, ನಿಯಮ ಗೊತ್ತು, ಇಷ್ಟುದ್ದದ ಕಥೆ ಈಗಷ್ಟೇ ನಿಮಗೆ ಹೇಳಿದ್ದೇನೆ. ಆದರೂ ಬೂಟಿನ ಸದ್ದು ಹತ್ತಿರವಾದಂತೆ ನನ್ನ ಕೈ ನನ್ನನ್ನು ಕೇಳದೆ ಸೀಟ್ ಬೆಲ್ಟಿನ ಗುಂಡಿಯ ಕಡೆ ಹೋಯಿತು.

ಚಟ್ನಿಪುಡಿ ಮೆತ್ತಿದ ಕೈಯೊಂದು ಬಂದು ಅದನ್ನು ಗಟ್ಟಿಯಾಗಿ ಹಿಡಿಯಿತು.

‘ಕೂಡವಾ’ ಎಂದರು ಆಂಟಿ, ಕನ್ನಡಿಯಿಂದ ಕಣ್ಣು ತೆಗೆಯದೆ. ‘ನಾ ಒಮ್ಮೆ ನಮ್ಮವರನ್ನ ಇಳಿಸಿದ್ದೆ. ಪೊಲೀಸ ನಕ್ಕ ಅಂತ ಉಳದ್ರು.’