ಖಂಡೇಪೂಜೆಯ ಬಂದೂಕು

ಆಯುಧ ಹಿಡಿಯುವವನಿಗಿಂತ ಅದನ್ನು ಎತ್ತಿಡುವವನ ಹೊಣೆ ದೊಡ್ಡದು. ಇದನ್ನು ನಾನು ವರದಿಯ ಮೊದಲ ವಾಕ್ಯವಾಗಿ ಬರೆದಿದ್ದೆ. ಸಂಪಾದಕರು ಅದನ್ನು ಹೊಡೆದುಹಾಕಿ, ಆ ಜಾಗದಲ್ಲಿ ಸೀರೆ ಅಂಗಡಿಯ ದಸರಾ ರಿಯಾಯಿತಿ ಹಾಕಿದರು.

ನಮ್ಮ ಪತ್ರಿಕೆಯಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕಕ್ಕೂ ಸೇರಿ ಒಂದೇ ಪುಟ; ಆ ಪುಟಕ್ಕೆ ನಾನೊಬ್ಬನೇ ವರದಿಗಾರ. ಬೆಳೆ ಕಾಯಲು ಲೈಸೆನ್ಸು ಪಡೆದ ಬಂದೂಕುಗಳನ್ನು ಮಕ್ಕಳಿರುವ ಮನೆಗಳಲ್ಲಿ ಹೇಗೆ ಇಟ್ಟಿರುತ್ತಾರೆ ನೋಡಿ ಬಾ ಎಂದು ಅಪ್ಪಣೆಯಾದದ್ದು ಮಹಾನವಮಿಯ ದಿನ. ಠಾಣೆಯಲ್ಲಿ ಒಂದು ಹಾಳೆ ಕೊಟ್ಟರು: ಬಂದೂಕು ಖಾಲಿ ಇರಬೇಕು, ಕೀಲಿ ಹಾಕಿರಬೇಕು, ಕಾಡತೂಸು ಬೇರೆ ಕಡೆ ಇರಬೇಕು. ಅದನ್ನು ಜೇಬಿನಲ್ಲಿಟ್ಟುಕೊಂಡು, ಧರ್ಮಪ್ರಚಾರಕನ ಗಾಂಭೀರ್ಯದಿಂದ ಸುರೇಬಾನದ ಬಸ್ಸು ಹತ್ತಿದೆ.

ಊರಾಚೆ, ಕಬ್ಬಿನ ಹೊಲದ ಬದಿಯ ಮನೆ. ಯಜಮಾನರು ಎಪ್ಪತ್ತು ದಾಟಿದವರು.

"ಬರ್ರಿ ಸಾಹೇಬ್ರ, ಕುಂಡ್ರಿ. ಫೋಟೋ ತಗೀತೀರೇನು?"

ಖಂಡೇಪೂಜೆ ಮುಗಿದಿತ್ತು. ದೇವರ ಮುಂದೆ ನೆಲದ ಮೇಲೆ ಕುಡಗೋಲು, ಕೊಡಲಿ, ಪಂಪಿನ ಪಾನಾ, ಸೊಸೆಯ ಮಿಕ್ಸರು. ನಡುವೆ ಹಂದಿ ಬೆದರಿಸುವ ಬಂದೂಕು. ಎಲ್ಲಕ್ಕೂ ವಿಭೂತಿ, ಕುಂಕುಮ. ಬಂದೂಕು ಖಾಲಿಯಾಗಿತ್ತು. ಎರಡು ಕಾಡತೂಸುಗಳು ಮಾತ್ರ ಎಲೆ ಅಡಿಕೆಯ ಜೊತೆ ಪಕ್ಕದಲ್ಲೇ ಕುಳಿತಿದ್ದವು.

ಸೊಸೆ ಚಹಾ ತಂದಿಟ್ಟು ಹೇಳಿದಳು: "ನೀವರ ಹೇಳ್ರಿ. ಐದ ವರ್ಷದ ಹುಡುಗಿ ಓಡ್ಯಾಡೋ ಮನಿ. ಪೂಜಿ ಆತಲ್ಲ, ಇನ್ನ ತಿಜೋರ್ಯಾಗ ಇಡ್ರಿ ಮಾಂವಾರ ಅಂತ ಮುಂಜಾನಿಂದ ಹೇಳಾಕ ಹತ್ತೇನಿ."

"ಪೂಜಿಗಿ ಇಟ್ಟಿದ್ದನ್ನ ನಾಳೆ ಬನ್ನಿ ಮುಡಿಯೋತನಕ ಅಲುಗಸಬಾರದವ್ವಾ. ನಮ್ಮಪ್ಪ ಅಲುಗಿಸಿಲ್ಲ, ಅವರಪ್ಪ ಅಲುಗಿಸಿಲ್ಲ."

"ಅವರ ಮನ್ಯಾಗ ಮಿಕ್ಸರ್ ಇರಲಿಲ್ಲ. ನಾಳಿನ ಹೂರಣ ಎದರಾಗ ರುಬ್ಬಲಿ?"

"ರುಬ್ಬೋ ಒಳ್ಳಕಲ್ಲ ಐತಲ್ಲ?"

"ಒಳ್ಳಕಲ್ಲಿಗೂ ಕುಂಕುಮ ಹಚ್ಚೀರಿ."

ಯಜಮಾನರು ಇದಕ್ಕೆ ಉತ್ತರವಾಗಿ ಫೋಟೋಕ್ಕೆಂದು ರುಮಾಲು ಸುತ್ತಿಕೊಳ್ಳಲು ಒಳಗೆ ಹೋದರು. ಸೊಸೆಯೂ ಒಲೆಯ ಮೇಲೆ ಹಾಲಿದೆಯೆಂದು ಹೋದಳು. ನಾನು ಜಗಲಿಗೆ ಬಂದು, ಠಾಣೆಯ ಹಾಳೆಯಲ್ಲಿ ಖಂಡೇಪೂಜೆಯ ಪ್ರಸ್ತಾಪ ಎಲ್ಲಾದರೂ ಇದೆಯೇ ಎಂದು ಹುಡುಕುತ್ತ ಚಹಾ ಕುಡಿದೆ. ಇರಲಿಲ್ಲ. ಸುರಕ್ಷತೆಯ ಬಗ್ಗೆ ಬರೆಯಲು ಬಂದವನು ಆಯುಧಗಳ ಭಾರವನ್ನು ಹೀಗೆ ದೇವರ ಮೇಲೆ ಹಾಕಿ ಹೊರಗೆ ಬಂದಿದ್ದೆ ಎಂಬುದನ್ನು ವರದಿಯಲ್ಲಿ ಬರೆಯಲಿಲ್ಲ.

ಯಜಮಾನರು ಬಂದು ಬಂದೂಕಿನ ಹಿಂದೆ ಎದೆಯುಬ್ಬಿಸಿ ಕುಳಿತರು. ನಾನೂ ಒಳಗೆ ಹೋಗಿ ಮೊಬೈಲು ಹಿಡಿದು ನೋಡಿದರೆ ಎಲೆಯ ಮೇಲೆ ಒಂದೇ ಕಾಡತೂಸು.

"ಎರಡ ಇದ್ದುವಲ್ರಿ?" ಎಂದೆ.

ಸೊಸೆ ಓಡಿ ಬಂದಳು. ಮಾವನನ್ನೂ ನನ್ನನ್ನೂ ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಗಳ ಅಂಗೈ ಕುಂಕುಮದಿಂದ ಕೆಂಪಾಗಿತ್ತು.

"ಎಲ್ಲಿ ಇಟ್ಟಿ?"

ಹುಡುಗಿಗೆ ಅಡಗಿಸುವಂಥದ್ದೇನೂ ಇರಲಿಲ್ಲ. "ಅಜ್ಜ ಎಲ್ಲಾದಕ್ಕೂ ಪೂಜಿ ಮಾಡ್ಯಾನ, ಬಚ್ಚಲ ಒಲಿಗೆ ಮಾಡೇ ಇಲ್ಲ. ನಾ ಮಾಡೇನಿ" ಎಂದಳು.

ಬಚ್ಚಲಿಗೆ ಹೋದೆವು. ನೀರು ಕಾಯಿಸುವ ಒಲೆಯ ಅಂಚಿನಲ್ಲಿ ಕಾಡತೂಸು ನೆಟ್ಟಗೆ ನಿಂತಿತ್ತು. ಅದಕ್ಕೆ ಕುಂಕುಮ, ಒಂದು ದಾಸವಾಳ. ಬೆಂಕಿ ಆರಿತ್ತು, ಬೂದಿಯ ಒಳಗೆ ಎರಡು ಕೆಂಡ ಇನ್ನೂ ಜೀವ ಹಿಡಿದಿದ್ದವು. ಸೊಸೆ ಕಾಡತೂಸನ್ನು ಎತ್ತಿ ಸೆರಗಿನಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯನ್ನು ಮಾವನ ಮುಂದೆ ಚಾಚಿದಳು.

"ತಿಜೋರಿ ಕೀಲಿಕೈ ಕೊಡ್ರಿ."

"ಬನ್ನಿ..." ಎಂದರು ಯಜಮಾನರು.

"ಬನ್ನಿ ನಾಳೆ ಐತ್ರಿ. ಹುಡುಗಿ ಇವತ್ತ ಅದಾಳ."

ಅವರು ರುಮಾಲು ತೆಗೆದರು, ಮೊಮ್ಮಗಳನ್ನು ಒಮ್ಮೆ ನೋಡಿದರು, ಉಡದಾರದಿಂದ ಕೀಲಿಕೈ ಬಿಚ್ಚಿ ಕೊಟ್ಟರು.

ಬಂದೂಕು ಕುಂಕುಮದ ಸಮೇತ ಅಂದೇ ತಿಜೋರಿ ಸೇರಿತು. ಕಾಡತೂಸುಗಳನ್ನು ಬೇರೆ ಕೋಣೆಯ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದರು. ಎರಡೂ ಕೀಲಿಕೈಗಳು ಸೊಸೆಯ ಹತ್ತಿರ ಇವೆ.